ನಲವತ್ತು ಮುಖಚಿತ್ರಗಳಿವೆ, ಪೋರ್ಟ್‌ಫೋಲಿಯೊಗೆ ಸಾಕೇ?

ಪ್ರಶ್ನೆ: ನಾನು ಶಿರಸಿ ಕಡೆಯವಳು, ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಮುಂದೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಿವಿಎ (ದೃಶ್ಯಕಲೆಯ ಪದವಿ) ಸೇರುವ ಆಸೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಎರಡೂ ಪಾಸಾಗಿದೆ. ಮೊಬೈಲ್‌ನಲ್ಲಿ ಫೋಟೊ ನೋಡಿ ಪೆನ್ಸಿಲ್‌ನಲ್ಲಿ ಬರೆದ ನಟರು, ಕ್ರಿಕೆಟಿಗರು, ದೇವರುಗಳ ಸುಮಾರು ನಲವತ್ತು ಮುಖಚಿತ್ರಗಳಿವೆ. ಸಂದರ್ಶನಕ್ಕೆ ಇವು ಸಾಕೇ? ಒಟ್ಟು ಎಷ್ಟು ಚಿತ್ರ ಬೇಕು, ಹೇಗೆ ಜೋಡಿಸಬೇಕು? ದುಬಾರಿ ಫೋಲ್ಡರ್ ಕೊಳ್ಳಬೇಕೇ, ಪಿಡಿಎಫ್ ನಡೆಯುತ್ತದೆಯೇ? ಪರೀಕ್ಷೆ ಮುಗಿದ ಮೇಲೆ ಬೆಂಗಳೂರಿನಲ್ಲಿ ಒಂದು ತಿಂಗಳ ಕೋಚಿಂಗ್‌ಗೆ ಹೋಗದಿದ್ದರೆ ಸೀಟು ಸಿಗುವುದಿಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: ನಲವತ್ತು ಮುಖ ಬರೆದು ಮುಗಿಸಿದ್ದೀರಿ ಎಂದರೆ ಕೈಗೆ ಹಿಡಿತವಿದೆ, ಕೂತು ಕೆಲಸ ಮಾಡುವ ತಾಳ್ಮೆಯೂ ಇದೆ. ಇವೆರಡೂ ಸಣ್ಣ ಸಂಗತಿಗಳಲ್ಲ. ಆದರೆ ಆ ನಲವತ್ತರಲ್ಲಿ ಪೋರ್ಟ್‌ಫೋಲಿಯೊದೊಳಗೆ, ಅಂದರೆ ಸಂದರ್ಶನದಲ್ಲಿ ತೋರಿಸಲು ಆಯ್ದ ಚಿತ್ರಗಳ ಕಟ್ಟಿನೊಳಗೆ, ಹೋಗಬೇಕಾದದ್ದು ಹೆಚ್ಚೆಂದರೆ ಒಂದು. ಉಳಿದದ್ದನ್ನು ನೀವು ಇನ್ನು ಬರೆಯಬೇಕು.

ಕಾರಣ ಇಷ್ಟೇ. ಉಬ್ಬುತಗ್ಗಿರುವ ಮುಖವನ್ನು ಚಪ್ಪಟೆ ಮಾಡಿದ್ದು, ಬೆಳಕು ಎಲ್ಲಿಂದ ಬೀಳಬೇಕೆಂದು ಆರಿಸಿದ್ದು, ಚೌಕಟ್ಟು ಎಲ್ಲಿ ಮುಗಿಯಬೇಕೆಂದು ತೀರ್ಮಾನಿಸಿದ್ದು, ಎಲ್ಲವೂ ಆ ಫೋಟೊ ತೆಗೆದವರ ಕೆಲಸ. ನಿಮ್ಮ ಪಾಲಿಗೆ ಬಂದದ್ದು ಅದನ್ನು ಹಾಳೆಗೆ ಇಳಿಸುವುದು ಮಾತ್ರ. ಶೇಡಿಂಗ್, ಬಣ್ಣ ಬೆರೆಸುವುದು ಇವನ್ನೆಲ್ಲ ಕಾಲೇಜು ಮೊದಲ ವರ್ಷದ ಫೌಂಡೇಶನ್‌ನಲ್ಲೇ ಕಲಿಸುತ್ತದೆ. ಸಂದರ್ಶನಕ್ಕೆ ಕೂತವರು ಹುಡುಕುವುದು ಈ ವಿದ್ಯಾರ್ಥಿ ತಾನಾಗಿ ನೋಡುತ್ತಾಳೆಯೇ, ನೋಡಿದ್ದರಲ್ಲಿ ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡುತ್ತಾಳೆ ಎಂಬುದನ್ನು. ಚೌಕುಳಿ ಹಾಕಿ ಫೋಟೊದಿಂದ ಇಳಿಸಿದ ಚಿತ್ರವನ್ನು ಅವರು ನೋಡಿದ ಕೂಡಲೇ ಗುರುತಿಸುತ್ತಾರೆ. ನೆರಳೆಲ್ಲ ಒಂದೇ ಕಪ್ಪು, ಕಿವಿ ಕೆನ್ನೆಗೆ ಅಂಟಿಸಿದಂತೆ, ಕುತ್ತಿಗೆ ಕಾಲರಿನ ಹತ್ತಿರ ಮಾಯ. ಬೆರಳಿನಿಂದಲೋ ಟಿಶ್ಯೂ ಕಾಗದದಿಂದಲೋ ಉಜ್ಜಿ ನಯ ಮಾಡಿರುವುದರಿಂದ ಚರ್ಮ, ಬಟ್ಟೆ, ಕೂದಲು ಮೂರೂ ಒಂದೇ ವಸ್ತುವಿನಿಂದ ಮಾಡಿದಂತೆ ಕಾಣುತ್ತವೆ.

ಒಟ್ಟು 15ರಿಂದ 20 ಚಿತ್ರ, ಜೊತೆಗೆ ಎರಡು ಸ್ಕೆಚ್ ಬುಕ್ ಇದ್ದರೆ ಸಾಕು. ಕೆಲವು ಕಾಲೇಜುಗಳು ಸಂಖ್ಯೆಯನ್ನೂ ಅಳತೆಯನ್ನೂ ತಾವೇ ಹೇಳುತ್ತವೆ. ಆ ವರ್ಷದ ಪ್ರಾಸ್ಪೆಕ್ಟಸ್ ಕೈಗೆ ಬಂದ ದಿನವೇ ಅದನ್ನು ನೋಡಿ, ಅದರಂತೆ ನಡೆಯಿರಿ. ಏನೂ ಹೇಳಿಲ್ಲವೆಂದರೆ 18ನ್ನು ಗುರಿಯಾಗಿಡಿ: ಎದುರಿಗಿಟ್ಟು ಬರೆದ ವಸ್ತುಗಳು ಐದು, ಮನುಷ್ಯರು ನಾಲ್ಕು, ಹೊರಗಿನ ದೃಶ್ಯ ಮೂರು, ಒಂದೇ ವಿಷಯದ ಮೇಲೆ ನಿಮ್ಮದೇ ಸರಣಿ ನಾಲ್ಕು, ಮಣ್ಣಿನ ಕೆಲಸವೋ ಲಿನೋಕಟ್ (ಲಿನೋಲಿಯಂ ಹಾಳೆ ಕೆತ್ತಿ ತೆಗೆಯುವ) ಅಚ್ಚೋ ಎರಡು. ಇದರಲ್ಲಿ ಆರೇಳಾದರೂ ಬಣ್ಣದ್ದಾಗಿರಲಿ. ಹದಿನೆಂಟು ಸಿಗಬೇಕಾದರೆ ನಲವತ್ತೈದು ಐವತ್ತನ್ನಾದರೂ ಬರೆಯಬೇಕಾಗುತ್ತದೆ.

ವಸ್ತುಗಳಿಂದಲೇ ಶುರು ಮಾಡಿ. ತಾಮ್ರದ ಕೊಡ, ಒಂದು ಸುಲಿಯದ ತೆಂಗಿನಕಾಯಿ, ಮಡಿಕೆ ಬಿದ್ದ ಬಿಳಿ ಪಂಚೆ ಸಾಕು. ಒಂದೇ ಕಿಟಕಿಯ ಬೆಳಕು ಒಂದು ಪಕ್ಕದಿಂದ ಬೀಳಲಿ, ಟ್ಯೂಬ್‌ಲೈಟ್ ಆರಿಸಿ. ಎರಡು ಕಡೆಯ ಬೆಳಕಿದ್ದರೆ ನೆರಳುಗಳು ಒಂದನ್ನೊಂದು ಅಳಿಸಿಹಾಕಿ ಆಕಾರ ಕೈಗೆ ಸಿಗುವುದಿಲ್ಲ. ಆರೇಳು ಅಡಿ ದೂರ ಕೂತುಕೊಳ್ಳಿ. ಬೋರ್ಡನ್ನು ಮಡಿಲ ಮೇಲೆ ಚಪ್ಪಟೆ ಇಟ್ಟುಕೊಂಡರೆ ಹಾಳೆಯ ಮೇಲ್ಭಾಗ ನಿಮ್ಮ ಕಣ್ಣಿಗೆ ಕುಗ್ಗಿ ಕಾಣುತ್ತದೆ, ಅದನ್ನು ಸರಿದೂಗಿಸಲು ಹೋಗಿ ಕೈ ಉದ್ದ ಬರೆಯುತ್ತದೆ. ಆಮೇಲೆ ಗೋಡೆಗೆ ಆನಿಸಿ ನೋಡಿದಾಗ ಕೊಡದ ಕುತ್ತಿಗೆ ಕೊಕ್ಕರೆಯಂತೆ ನೀಳವಾಗಿರುತ್ತದೆ. ಇನ್ನೊಂದು ಕುರ್ಚಿಯ ಬೆನ್ನಿಗೆ ಬೋರ್ಡ್ ಆನಿಸಿ, ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿ. ಪೆನ್ಸಿಲ್ ಹಿಡಿದು ಅಳತೆ ತೆಗೆಯುವಾಗ ಮೊಣಕೈ ಪೂರ್ತಿ ಚಾಚಿರಬೇಕು, ಒಂದು ಕಣ್ಣು ಮುಚ್ಚಿರಬೇಕು. ಮೊಣಕೈ ಚೂರು ಮಡಚಿದರೂ ಅಳತೆ ಬದಲಾಗುತ್ತದೆ.

ಕೊಡದಂಥ ಉರುಟು ಪಾತ್ರೆಗಳಲ್ಲಿ ಹತ್ತರಲ್ಲಿ ಎಂಟು ಮಂದಿ ತಪ್ಪುವುದು ಬಾಯಿಯ ಮತ್ತು ತಳದ ಅಂಡಾಕಾರಗಳಲ್ಲಿ. ಎರಡು ತುದಿಗಳನ್ನು ಎಲೆಯ ಹಾಗೆ ಚೂಪು ಮಾಡುತ್ತಾರೆ, ಅಲ್ಲಿ ಚೂಪು ಇರುವುದೇ ಇಲ್ಲ, ರೇಖೆ ತಿರುಗುತ್ತದೆ. ಎರಡನೆಯದು, ತಳವನ್ನು ನೇರ ಗೆರೆ ಎಳೆದು ಮುಗಿಸುತ್ತಾರೆ, ಅದು ನೆಲದ ಮೇಲೆ ಕೂತಿದೆ ಎಂಬ ತಿಳಿವಳಿಕೆಯಿಂದ. ಪಾತ್ರೆ ನಿಮ್ಮ ಕಣ್ಣಿನ ಮಟ್ಟದಿಂದ ಕೆಳಗಿದ್ದರೆ, ಕೆಳಗೆ ಹೋದಷ್ಟೂ ಅಂಡಾಕಾರ ಹೆಚ್ಚು ತೆರೆದುಕೊಳ್ಳುತ್ತದೆ. ಹಾಗಾಗಿ ತಳದ ಬಾಗು ಬಾಯಿಯ ಬಾಗಿಗಿಂತ ತುಂಬಿಕೊಂಡಿರಬೇಕು. ನೆರಳಿನಲ್ಲಿ ಗಮನಿಸಬೇಕಾದ್ದೂ ಎರಡಿವೆ. ನೆಲಕ್ಕೆ ಬಿದ್ದ ನೆರಳಿನ ಅಂಚು ಪಾತ್ರೆಯ ಹತ್ತಿರ ಗಟ್ಟಿ, ದೂರ ಹೋದಂತೆ ಮೆತ್ತಗೆ. ನೆರಳಿನ ಬದಿಯೊಳಗೆ ಕಾಣುವ ಮರುಬೆಳಕು ಎಷ್ಟೇ ಹೊಳೆದಂತೆ ಕಂಡರೂ ಬೆಳಕಿನ ಬದಿಗಿಂತ ಕಪ್ಪಾಗಿಯೇ ಇರುತ್ತದೆ. ಅದನ್ನು ಬೆಳ್ಳಗೆ ಬಿಟ್ಟರೆ ಕೊಡ ತಗಡಿನ ಹಾಗೆ ಕಾಣುತ್ತದೆ. ಬೆರಳಿನಿಂದ ಉಜ್ಜುವುದನ್ನು ಈ ಐದು ಚಿತ್ರಗಳಲ್ಲಿ ಪೂರ್ತಿ ಬಿಟ್ಟುಬಿಡಿ. 2ಬಿ, 4ಬಿ, 6ಬಿ ಪೆನ್ಸಿಲ್‌ಗಳ ಗೆರೆಗಳಿಂದಲೇ ಟೋನ್ (ತಿಳಿ, ಗಾಢ ಛಾಯೆ) ಕಟ್ಟಿ, ಗೆರೆಯ ದಿಕ್ಕು ವಸ್ತುವಿನ ಮೈ ತಿರುಗಿದತ್ತ ತಿರುಗಲಿ.

ಇದೇ ಜೋಡಣೆಯನ್ನು ಕದಲಿಸದೆ ಮೂರು ಸಲ ಬರೆಯುವುದು ನಾವು ಎಲ್ಲರಿಗೂ ಹೇಳುವ ಅಭ್ಯಾಸ. ಮೊದಲು ಪೆನ್ಸಿಲ್. ಎರಡನೆಯದು ಕಪ್ಪು ಬಿಳಿ ಪೋಸ್ಟರ್ ಕಲರ್ ಬೆರೆಸಿ ಮಾಡಿಟ್ಟುಕೊಂಡ ಐದೇ ಐದು ಬೂದು ಛಾಯೆಗಳಲ್ಲಿ, ರೇಖೆಯೇ ಇಲ್ಲದೆ. ಮೂರನೆಯದು ಬಣ್ಣದಲ್ಲಿ: ಒಂದು ಹಳದಿ, ಒಂದು ಕೆಂಪು, ಒಂದು ನೀಲಿ, ಬಿಳಿ, ಅಷ್ಟೇ. ಕಪ್ಪಿನ ಡಬ್ಬಿ ಮುಚ್ಚಿಡಿ. ನೆರಳಿಗೆಂದು ಕಪ್ಪು ಬೆರೆಸಿದರೆ ಬಣ್ಣ ಸಾಯುತ್ತದೆ. ತಾಮ್ರದ ಕಿತ್ತಳೆಯನ್ನು ಗಾಢ ಮಾಡಬೇಕಾದರೆ ಅದಕ್ಕೆದುರಾದ ನೀಲಿಯನ್ನು ಚೂರು ಸೇರಿಸಿ. ಮೂರನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಒಂದೇ ವಸ್ತುವನ್ನು ಮೂರು ರೀತಿ ಯೋಚಿಸಿದ್ದೀರೆಂದು ಆ ಮೂರು ಹಾಳೆಗಳೇ ಹೇಳುತ್ತವೆ, ಬಾಯಿಬಿಟ್ಟು ವಿವರಿಸಬೇಕಿಲ್ಲ.

ಮನುಷ್ಯರನ್ನು ಬರೆಯುವುದಕ್ಕೆ ಮನೆಯವರೇ ಸಾಕು. ನಿಮ್ಮ ಸೀಮೆಯಲ್ಲಿ ಅಡಿಕೆ ಸುಲಿಯುವ ಕಾಲಕ್ಕಿಂತ ಒಳ್ಳೆಯ ಅವಕಾಶ ಸಿಗದು. ಮೆಟ್ಟುಗತ್ತಿಯ ಮುಂದೆ ಕೂತವರು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿರುತ್ತಾರೆ, ಕೈಯಷ್ಟೇ ಆಡುತ್ತದೆ. ಮೊದಲು ಒಂದೊಂದು ನಿಮಿಷದ ಹತ್ತು ಸ್ಕೆಚ್: ಬೆನ್ನಿನ ಬಾಗು, ಸೊಂಟದ ಭಾರ ಎಲ್ಲಿ ಇಳಿದಿದೆ, ಮೊಣಕಾಲು ಎತ್ತ, ಇಷ್ಟು ಮಾತ್ರ. ಮುಖಕ್ಕೆ ಹೋಗಬೇಡಿ. ಆಮೇಲೆ ಐದು ನಿಮಿಷದ್ದು, ಕೊನೆಗೆ ಅರ್ಧ ಗಂಟೆಯ ಒಂದು ಚಿತ್ರ. ನಿಂತ ಮನುಷ್ಯನ ಎತ್ತರ ತಲೆಯ ಏಳೂವರೆ ಪಟ್ಟಿನ ಆಸುಪಾಸು. ಹೊಸಬರು ತಲೆ ದೊಡ್ಡದು, ಅಂಗೈ ಪಾದ ಸಣ್ಣದು ಮಾಡುತ್ತಾರೆ. ಬೆರಳು ಹಣೆಗೂ ಬಾರದಷ್ಟು ಚಿಕ್ಕ ಕೈಗಳನ್ನು ಪ್ರತಿ ವರ್ಷವೂ ನೋಡಬೇಕಾಗುತ್ತದೆ. ನಿಮ್ಮ ಅಂಗೈಯನ್ನು ಗಲ್ಲಕ್ಕಿಟ್ಟು ನೋಡಿ, ಬೆರಳ ತುದಿ ಹಣೆಯವರೆಗೆ ಮುಟ್ಟುತ್ತದೆ. ಕಣ್ಣುಗಳು ತಲೆಯ ಎತ್ತರದ ನಟ್ಟನಡುವೆ ಬರುತ್ತವೆ. ಕೂದಲನ್ನು ಲೆಕ್ಕಕ್ಕೆ ಹಿಡಿಯದೆ ಮೇಲೆ ಏರಿಸಿಬಿಡುವುದು ಫೋಟೊ ಬಿಟ್ಟು ಬರೆಯಲು ಕೂತವರ ಮೊದಲ ತಪ್ಪು. ನಿಮ್ಮ ಹಳೆಯ ಮುಖಚಿತ್ರಗಳಲ್ಲಿ ಒಂದನ್ನು ಇಡಲೇಬೇಕೆನಿಸಿದರೆ ಎದುರು ಕೂರಿಸಿ ಬರೆದ ಅಜ್ಜಿಯ ಮುಖದ ಪಕ್ಕ ಇಡಿ, ಯಾವುದು ಫೋಟೊದಿಂದ ಎಂದು ಹಿಂಬದಿಯಲ್ಲಿ ಬರೆಯಿರಿ.

ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕಲಾವಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಇದೇ ಹೊತ್ತಿಗೆ ಹುಡುಕಿ ನೋಡಿ. ಕುಣಿಯುವ ದೇಹವನ್ನು ಅವರು ಎಷ್ಟು ಕಡಿಮೆ ಗೆರೆಗಳಲ್ಲಿ ಹಿಡಿದಿದ್ದಾರೆ, ಗೆರೆ ಎಲ್ಲಿ ದಪ್ಪವಾಗಿ ಎಲ್ಲಿ ಕಡಿಯುತ್ತದೆ ಎಂದು ನೋಡುವುದೇ ಒಂದು ಪಾಠ. ಸಂದರ್ಶನದಲ್ಲಿ ಯಾವ ಕಲಾವಿದರು ಇಷ್ಟ ಎಂದು ಕೇಳುವುದು ಮಾಮೂಲು. ಪಿಕಾಸೊ ಹೆಸರು ಹೇಳಿ ಮುಂದೆ ಮಾತು ಬಾರದೆ ನಿಲ್ಲುವುದಕ್ಕಿಂತ ನೀವು ನಿಜವಾಗಿ ನೋಡಿದ ಒಂದೆರಡು ಚಿತ್ರಗಳ ಬಗ್ಗೆ ಎರಡು ವಾಕ್ಯ ಹೇಳುವುದು ಮೇಲು. ಬೆಂಗಳೂರಿಗೆ ಬಂದಾಗ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೂ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳಿಗೂ ಅರ್ಧರ್ಧ ದಿನ ಕೊಡಿ.

ಹೊರಗಿನ ದೃಶ್ಯವೆಂದರೆ ಸೂರ್ಯಾಸ್ತ, ಎರಡು ಗುಡ್ಡ, ಒಂದು ತೆಂಗಿನಮರ ಅಲ್ಲ. ಹೈಯರ್ ಗ್ರೇಡಿನ ಮೆಮೊರಿ ಡ್ರಾಯಿಂಗ್‌ಗೆಂದು ಕಲಿತ ಸಿದ್ಧ ಮನೆ, ಸಿದ್ಧ ಮರ, ಸಿದ್ಧ ಹೆಂಗಸರು ನಿಮ್ಮ ಕೈಯಲ್ಲಿ ಉಳಿದಿರುತ್ತವೆ, ಅವನ್ನು ಮರೆಯುವುದೇ ಇಲ್ಲಿಯ ಕೆಲಸ. ಬಸ್ ಸ್ಟ್ಯಾಂಡಿನ ಕಂಬಗಳು, ಸಂತೆಯ ಟಾರ್ಪಾಲು, ಮನೆಯ ಹಿಂದಿನ ಕೊಟ್ಟಿಗೆ, ಇಂಥದ್ದನ್ನು ನಿಂತೋ ಕೂತೋ ಬರೆಯಿರಿ. ಕಣ್ಣಿನ ಮಟ್ಟದ ಗೆರೆಯನ್ನು ಮೊದಲು ಹಾಳೆಯಲ್ಲಿ ತಿಳಿಯಾಗಿ ಎಳೆದುಕೊಳ್ಳಿ. ನೀವು ನಿಂತು ನೋಡುತ್ತಿದ್ದರೆ, ಸಮತಟ್ಟು ನೆಲದಲ್ಲಿ ನಿಮ್ಮಷ್ಟೇ ಎತ್ತರದವರೆಲ್ಲರ ಕಣ್ಣೂ ಆ ಗೆರೆಯ ಮೇಲೇ ಬರುತ್ತವೆ, ಹತ್ತಿರದವರಾಗಲಿ ದೂರದವರಾಗಲಿ. ಇದೊಂದು ಗೊತ್ತಿದ್ದರೆ ಸಂತೆಯ ಜನ ಗಾಳಿಯಲ್ಲಿ ತೇಲುವುದಿಲ್ಲ. ಜಲವರ್ಣ ಬಳಸುವುದಾದರೆ 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ಬೇಕು. ಮಾಮೂಲಿ ಡ್ರಾಯಿಂಗ್ ಹಾಳೆ ನೀರು ಬಿದ್ದೊಡನೆ ಅಲೆಯೆದ್ದು ಬಣ್ಣ ಗುಂಡಿಗಳಲ್ಲಿ ನಿಲ್ಲುತ್ತದೆ. ಕಾಗದ ದುಬಾರಿ ಎನಿಸಿದರೆ 22×30 ಇಂಚಿನ ಒಂದು ಇಂಪೀರಿಯಲ್ ಹಾಳೆಯನ್ನು ನಾಲ್ಕು ಮಾಡಿ ಬಳಸಿ.

ಇನ್ನು ನಿಮ್ಮದೇ ಸರಣಿ. ಪೋರ್ಟ್‌ಫೋಲಿಯೊ ಗೆಲ್ಲುವುದು ಬಹುಮಟ್ಟಿಗೆ ಇಲ್ಲಿ. ‘ಹೆಣ್ಣುಮಕ್ಕಳ ಶಿಕ್ಷಣ’, ‘ಕಾಡು ಉಳಿಸಿ’ ಎಂಬ ಪೋಸ್ಟರ್ ವಿಷಯಗಳನ್ನು ಎಲ್ಲರೂ ತರುತ್ತಾರೆ. ನಿಮ್ಮ ಕೈಗೆ ದಿನಾ ಸಿಗುವ ಒಂದು ಜಾಗ ಅಥವಾ ಕೆಲಸವನ್ನು ಆಯ್ದುಕೊಳ್ಳಿ. ಅಡಿಕೆಯ ಕೆಲಸವನ್ನೇ ತೆಗೆದುಕೊಂಡರೆ: ಸುಲಿಯುವವರ ಕೈಗಳ ಅಧ್ಯಯನ ಒಂದು, ಬೇಯಿಸುವ ಹಂಡೆಯಿಂದೇಳುವ ಹಬೆ ಇದ್ದಿಲಿನಲ್ಲಿ ಒಂದು, ಅಂಗಳದಲ್ಲಿ ಹರಡಿದ ಅಡಿಕೆಯನ್ನು ಮೇಲಿನಿಂದ ನೋಡಿದಂತೆ ಬಣ್ಣದಲ್ಲಿ ಒಂದು, ಸಿಪ್ಪೆಯ ರಾಶಿಯ ವಿನ್ಯಾಸ ಲಿನೋ ಅಚ್ಚಿನಲ್ಲಿ ಒಂದು. ಯಕ್ಷಗಾನದ ಚೌಕಿಯೂ (ವೇಷ ಕಟ್ಟುವ ಜಾಗ) ಅಷ್ಟೇ ಸಮೃದ್ಧ. ವೇಷ ಕಟ್ಟಿದ ಮೇಲಿನ ಭವ್ಯ ಭಂಗಿ ಬಿಡಿ, ಅರ್ಧ ಬಣ್ಣ ಹಚ್ಚಿದ ಮುಖ, ಕನ್ನಡಿ, ಗೋಡೆಗೆ ತೂಗಿದ ಕಿರೀಟಗಳನ್ನು ಬರೆಯಿರಿ. ಶಿರಸಿ, ಸಾಗರ ಸೀಮೆಯ ದೀವರ ಸಮುದಾಯದ ಗೋಡೆಚಿತ್ರವಾದ ಹಸೆ ಚಿತ್ತಾರದ ಮೇಲೆ ಕೆಲಸ ಮಾಡುವುದಾದರೆ ಅದರ ಆಕೃತಿಗಳನ್ನು ಹಾಳೆಗೆ ನಕಲಿಸಿ ಅಲಂಕಾರ ಮಾಡಬೇಡಿ. ಬರೆಯುವ ಹೆಂಗಸರ ಪಕ್ಕ ಕೂತು, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯನ್ನು ಪುಂಡಿ ನಾರಿನ ಕುಂಚದಲ್ಲಿ ಹೇಗೆ ಎಳೆಯುತ್ತಾರೆಂದು ಸ್ಕೆಚ್ ಬುಕ್ಕಿನಲ್ಲಿ ದಾಖಲಿಸಿ, ಕಲಿಸಿದವರ ಹೆಸರನ್ನು ಅಲ್ಲೇ ಬರೆಯಿರಿ.

ಸ್ಕೆಚ್ ಬುಕ್ ಎಂದೆವಲ್ಲ, ಅದನ್ನು ಇಂದೇ ಶುರು ಮಾಡಬಹುದು. ಎ5 ಅಳತೆಯದ್ದಾದರೆ ಕಾಲೇಜು ಚೀಲದಲ್ಲಿ ಹಿಡಿಯುತ್ತದೆ. ಪರೀಕ್ಷೆ ಮುಗಿಯುವವರೆಗೆ ದಿನಕ್ಕೆ ಅರ್ಧ ಗಂಟೆ ಇದಕ್ಕೆ ಮಾತ್ರ ಕೊಡಿ, ದೊಡ್ಡ ಹಾಳೆಗಳನ್ನು ಆಮೇಲಿನ ಎಂಟು ಹತ್ತು ವಾರಗಳಿಗೆ ಇಡಿ. ತಾರೀಖು ಹಾಕಿ. ಕೆಟ್ಟ ಪುಟ ಹರಿಯಬೇಡಿ. ಸಂದರ್ಶಕರು ಬಹಳ ಸಲ ಮೊದಲು ಕೈಗೆತ್ತಿಕೊಳ್ಳುವುದು ಇದನ್ನೇ, ಯಾಕೆಂದರೆ ಇದರಲ್ಲಿ ಬೇರೆಯವರ ಕೈ ಸೇರುವುದು ಕಷ್ಟ. ಕೊನೆಯ ವಾರದಲ್ಲಿ ಒಂದೇ ಪೆನ್ನಿನಲ್ಲಿ ಕೂತು ತುಂಬಿಸಿದ ಪುಸ್ತಕ ಮತ್ತು ಐದು ತಿಂಗಳು ಚೀಲದಲ್ಲಿ ಸವೆದ ಪುಸ್ತಕದ ವ್ಯತ್ಯಾಸ ಯಾರಿಗಾದರೂ ಕಾಣುತ್ತದೆ.

ಆಯ್ಕೆಗೆ ಒಂದು ಪೂರ್ತಿ ದಿನ ಇಡಿ. ಬರೆದದ್ದೆಲ್ಲವನ್ನೂ ಜಗಲಿಯ ನೆಲದಲ್ಲಿ ಹರಡಿ, ಸಂದೇಹ ಬಂದ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ. ಏನು ಬರೆದಿದ್ದೀರೆಂಬುದು ಮರೆತು ಭಾರ ಎತ್ತ ವಾಲಿದೆ ಎಂಬುದು ಮಾತ್ರ ಕಾಣುತ್ತದೆ. ಒಂದೇ ಗುಣದ ಎರಡು ಚಿತ್ರಗಳಿದ್ದರೆ ಒಂದನ್ನು ತೆಗೆಯಿರಿ. ಎಷ್ಟು ದಿನ ಹಿಡಿಯಿತು ಎಂಬುದು ಇಟ್ಟುಕೊಳ್ಳಲು ಕಾರಣವಲ್ಲ. ಎರಡು ಸೊರಗಿದ ಚಿತ್ರಗಳು ಪಕ್ಕದ ಒಳ್ಳೆಯವನ್ನೂ ಕೆಳಗೆಳೆಯುತ್ತವೆ, ಆದ್ದರಿಂದ ಹದಿನೆಂಟು ಆಗದಿದ್ದರೆ ಹದಿನಾಲ್ಕಕ್ಕೇ ನಿಲ್ಲಿಸಿ. ಅತ್ಯುತ್ತಮವಾದದ್ದು ಮೊದಲು, ಅದರ ನಂತರದ್ದು ಕಟ್ಟಕಡೆಗೆ. ಸರಣಿಯ ನಾಲ್ಕು ಒಟ್ಟಿಗಿರಲಿ. ಬಹುಮಾನದ ಸರ್ಟಿಫಿಕೇಟ್‌ಗಳು ಚಿತ್ರಗಳ ನಡುವೆ ಬೇಡ, ಬೇರೆ ಫೈಲಿನಲ್ಲಿರಲಿ.

ಫೋಲ್ಡರಿಗೆ ಹಣ ಸುರಿಯಬೇಡಿ. ನಿಮ್ಮ ದೊಡ್ಡ ಹಾಳೆಗಿಂತ ಸುತ್ತಲೂ ಎರಡಿಂಚು ಹೆಚ್ಚಿರುವ ಎರಡು ಗಟ್ಟಿ ರಟ್ಟುಗಳನ್ನು ಒಂದು ಬದಿ ಬಟ್ಟೆಯ ಪಟ್ಟಿ ಅಂಟಿಸಿ, ಮೂರು ಕಡೆ ಲಾಡಿ ಕಟ್ಟಿದರೆ ಕೆಲಸ ನಡೆಯುತ್ತದೆ. ಹಾಳೆಗಳು ಎ3, ಎ2 ಎಂಬ ಎರಡೇ ಅಳತೆಯಲ್ಲಿದ್ದರೆ ನೋಡುವವರಿಗೂ ಸುಲಭ. ಸುರುಳಿ ಸುತ್ತಿ ಮಾತ್ರ ಒಯ್ಯಬೇಡಿ. ಮೇಜಿನ ಮೇಲೆ ಬಿಚ್ಚಿದಾಗ ನಾಲ್ಕು ಮೂಲೆಗೂ ಯಾರಾದರೂ ಕೈ ಇಡಬೇಕಾಗುತ್ತದೆ. ಸಣ್ಣ ಚಿತ್ರಗಳನ್ನು ಬಿಳಿ ಹಾಳೆಯ ಮೇಲೆ ಕೂರಿಸುವಾಗ ಹಿಂಬದಿಗೆಲ್ಲ ಫೆವಿಕಾಲ್ ಬಳಿದರೆ ಸುಕ್ಕು ಬರುತ್ತದೆ, ಮೇಲಿನ ಎರಡು ಮೂಲೆಗಷ್ಟೇ ಸಣ್ಣ ಕಾಗದದ ಪಟ್ಟಿಯ ಹಿಡಿಕೆ ಸಾಕು. ಇದ್ದಿಲು ಚಿತ್ರಗಳಿಗೆ ಫಿಕ್ಸೆಟಿವ್ (ಪುಡಿ ಉದುರದಂತೆ ಹಿಡಿಯುವ ಸ್ಪ್ರೇ) ಅನ್ನು ಬಯಲಿನಲ್ಲಿ, ಸುಮಾರು 30 ಸೆಂಟಿಮೀಟರ್ ದೂರದಿಂದ, ತೆಳ್ಳಗೆ ಎರಡು ಸಲ ಹೊಡೆಯಿರಿ. ಹತ್ತಿರದಿಂದ ಹೊಡೆದರೆ ಹನಿಗಳ ಕಲೆ ಉಳಿಯುತ್ತದೆ. ಪ್ಲಾಸ್ಟಿಕ್ ಕವರಿನೊಳಗೆ ಇದ್ದಿಲಿನ ಪುಡಿ ಎದ್ದು ಕವರಿಗೇ ಮೆತ್ತಿಕೊಳ್ಳುತ್ತದೆ, ಅಕ್ರಿಲಿಕ್ ಸೆಖೆಗೆ ಅಂಟಿಕೊಂಡು ಬಿಡಿಸುವಾಗ ಕಿತ್ತುಬರುತ್ತದೆ. ಎರಡಕ್ಕೂ ನಡುವೆ ಬಟರ್ ಪೇಪರ್ ಹಾಕಿ. ಪ್ರವೇಶ ಜೂನ್, ಜುಲೈಗೆ ಬಂದರೆ ನಿಮ್ಮಲ್ಲಿ ಮಳೆ ಹಿಡಿದಿರುತ್ತದೆ: ಚಿತ್ರಗಳನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ಬೂಸಲು ಹತ್ತುತ್ತದೆ. ಪ್ರಯಾಣಕ್ಕೆ ಇಡೀ ಫೋಲ್ಡರನ್ನು ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ.

ಪಿಡಿಎಫ್ ಅರ್ಜಿಯ ಜೊತೆ ಕಳಿಸಲು ಬೇಕಾಗಬಹುದು, ಆದರೆ ನೇರ ಸಂದರ್ಶನದಲ್ಲಿ ಅದು ಮೂಲ ಚಿತ್ರಗಳ ಜಾಗ ತುಂಬುವುದಿಲ್ಲ. ದಾಖಲೆ ಸ್ಕ್ಯಾನ್ ಮಾಡುವ ಆ್ಯಪ್ ಬಳಸಬೇಡಿ. ಅದು ಕಾಗದವನ್ನು ಬೆಳ್ಳಗೆ ಮಾಡುವ ಭರದಲ್ಲಿ ತಿಳಿ ಟೋನ್‌ಗಳನ್ನೆಲ್ಲ ನುಂಗುತ್ತದೆ. ಬಿಸಿಲು ನೇರ ಬೀಳದ ಜಗಲಿಯ ಗೋಡೆಗೆ ಚಿತ್ರ ಅಂಟಿಸಿ, ಐದಾರು ಅಡಿ ಹಿಂದೆ ನಿಂತು 2ಎಕ್ಸ್ ಜೂಮ್‌ನಲ್ಲಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಅಂಚುಗಳು ಹೊರಗೆ ಉಬ್ಬುತ್ತವೆ. ಪೆನ್ಸಿಲ್ ಹೊಳೆಯುತ್ತಿದ್ದರೆ ಗೋಡೆ ಬದಲಿಸಿ, ಫಿಲ್ಟರ್ ಹಾಕಬೇಡಿ. ಮಣ್ಣಿನ ಕೆಲಸಕ್ಕೆ ಮೂರು ಕೋನದ ಫೋಟೊ ಬೇಕು. ಪುಟಕ್ಕೊಂದೇ ಚಿತ್ರ, ಬಿಳಿ ಹಿನ್ನೆಲೆ, ಕೆಳಗೆ ಶೀರ್ಷಿಕೆ, ಮಾಧ್ಯಮ, ಸೆಂಟಿಮೀಟರ್‌ನಲ್ಲಿ ಅಳತೆ, ವರ್ಷ. ತೆರೆಯ ಮೇಲೆ ನೋಡಲು ಉದ್ದನೆಯ ಬದಿ 2500 ಪಿಕ್ಸೆಲ್ ಇದ್ದರೆ ಧಾರಾಳ. ಅಕ್ಷರ ಯೂನಿಕೋಡ್‌ನಲ್ಲಿರಲಿ. ಹಳೆಯ ಆಸ್ಕಿ ಫಾಂಟಿನ ಕನ್ನಡವನ್ನು ವರ್ಡ್ ಫೈಲಾಗಿ ಕಳಿಸಿದರೆ ಆಚೆ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಕೋಚಿಂಗ್ ಬಗ್ಗೆ: ಹೋಗಲೇಬೇಕು ಎಂಬುದು ನಿಜವಲ್ಲ. ಪ್ರವೇಶ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕೇಳುವ ವಸ್ತುಚಿತ್ರಣ ಮತ್ತು ಸಂಯೋಜನೆಯನ್ನು ಗಡಿಯಾರ ಇಟ್ಟುಕೊಂಡು ಎರಡೆರಡು ಗಂಟೆ ಮನೆಯಲ್ಲೇ ಅಭ್ಯಾಸ ಮಾಡಬಹುದು. ನಿಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಹದಿನೈದು ದಿನಕ್ಕೊಮ್ಮೆ ಚಿತ್ರಗಳನ್ನು ನೋಡಿ ತಪ್ಪು ಹೇಳಲು ಒಪ್ಪಿದರೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಆದರೂ ಹೋಗುವ ಮನಸ್ಸಿದ್ದರೆ ಹಣ ಕಟ್ಟುವ ಮುನ್ನ ಒಂದು ತರಗತಿಯಲ್ಲಿ ಕೂತು ನೋಡಿ. ಮಕ್ಕಳು ಎದುರಿಗಿಟ್ಟ ವಸ್ತುವನ್ನೋ ಕೂತ ಮನುಷ್ಯನನ್ನೋ ನೋಡಿ ಬರೆಯುತ್ತಿದ್ದರೆ ಸೇರಿ. ಹೋದ ವರ್ಷ ಸೀಟು ಸಿಕ್ಕವರ ಫೈಲುಗಳನ್ನು ಗೋಡೆಗೆ ತೂಗುಹಾಕಿ ಅದನ್ನೇ ಬರೆಸುತ್ತಿದ್ದರೆ, ಮೇಷ್ಟ್ರೇ ಕೊನೆಯಲ್ಲಿ ಬಂದು ತಿದ್ದಿಕೊಡುತ್ತಿದ್ದರೆ, ವಾಪಸು ಬನ್ನಿ. ಅಂಥ ಕಡೆಯಿಂದ ಬಂದ ಹತ್ತು ಫೈಲುಗಳು ಒಂದೇ ದಿನ ಒಂದೇ ಮೇಜಿನ ಮೇಲೆ ತೆರೆದುಕೊಳ್ಳುತ್ತವೆ, ಅದೇ ಬಾಟಲಿ, ಅದೇ ಸೇಬು, ಅದೇ ನೀಲಿ ಬಟ್ಟೆ.